ಇವತ್ತು ಯಾವ ವಾರ?

ಯುಗಾದಿಯ ಅಂಗವಾಗಿ ನಮ್ಮ ಸಂಘ ನಡೆಸಿದ ಆರೋಗ್ಯ ತಪಾಸಣಾ ಶಿಬಿರದಲ್ಲಿ, ರಕ್ತದೊತ್ತಡ ನೋಡುವ ಮೇಜಿನ ಬಳಿ ನನಗೆ ನೆರವಾದವಳು ಸದಸ್ಯ ಕುಟುಂಬವೊಂದರ ಮಗಳು. ಫಿಸಿಯೋಥೆರಪಿ ಓದುತ್ತಿದ್ದಾಳೆ. ಜನ ವಿರಳವಾದ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಪ್ರಶ್ನಾವಳಿಯನ್ನು ತೋರಿಸಿ, "ಆಂಟಿ, ನನಗೆ ಪೇಷಂಟ್‌ಗಳ ಬಗ್ಗೆ ಎಷ್ಟು ಎಂಪಥಿ ಇದೆ ಅಂತ ಇದು ನಂಬರ್ ಕೊಡುತ್ತೆ. ನೀವೂ ಮಾಡಿ ನೋಡಿ" ಎಂದಳು.

ಅದು ಜೆಫರ್ಸನ್ ಮಾಪಕ. ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದಲ್ಲಿ ಮೊಹಮ್ಮದ್‌ರೆಜಾ ಹೊಜತ್ ಮತ್ತು ಸಂಗಡಿಗರು ರೂಪಿಸಿದ್ದು. ವೈದ್ಯ ವಿದ್ಯಾರ್ಥಿಗಳಿಗೆ ಒಂದು ಆವೃತ್ತಿ, ಶುಶ್ರೂಷೆ, ಫಿಸಿಯೋಥೆರಪಿ ಮೊದಲಾದ ವಿಭಾಗಗಳ ವಿದ್ಯಾರ್ಥಿಗಳಿಗೆ ಇನ್ನೊಂದು, ವೃತ್ತಿಯಲ್ಲಿರುವವರಿಗೆ ಮತ್ತೊಂದು. ಇಪ್ಪತ್ತು ಹೇಳಿಕೆಗಳು, ಪ್ರತಿಯೊಂದನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 7ರವರೆಗೆ ಅಂಕ. ಅರ್ಧದಷ್ಟು ಹೇಳಿಕೆಗಳನ್ನು ತಿರುಗಿಸಿ ಬರೆದಿರುವುದರಿಂದ ಕಣ್ಣುಮುಚ್ಚಿ ಎಲ್ಲದಕ್ಕೂ ಏಳು ಹಾಕಿದರೆ ಸಿಕ್ಕಿಬೀಳುತ್ತೀರಿ. ಕನಿಷ್ಠ 20, ಗರಿಷ್ಠ 140.

ಎಂಪಥಿಗೆ ಕನ್ನಡದಲ್ಲಿ ಏನು ಹೇಳಬೇಕೆಂದು ಅವಳು ಕೇಳಿದಾಗ ನಾನು ತಡವರಿಸಿದೆ. 'ಸಹಾನುಭೂತಿ' ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಪದವನ್ನು ನಾವು ಮರುಕಕ್ಕೂ ಬಳಸುತ್ತೇವೆ. ಈ ಮಾಪಕವಾದರೋ ಎರಡನ್ನೂ ಬೇರ್ಪಡಿಸುತ್ತದೆ. ರೋಗಿಯೊಡನೆ ಕಣ್ಣೀರಿಡುವುದು ಒಂದು. ಅವರ ಸ್ಥಿತಿಯನ್ನು ಅವರ ಜಾಗದಿಂದ ಅರಿತು, ಅರಿತೆನೆಂಬುದನ್ನು ಅವರಿಗೆ ತಿಳಿಯಪಡಿಸುವುದು ಇನ್ನೊಂದು. ಹೊಜತ್ ಅವರ ಪ್ರಕಾರ ಎರಡನೆಯದು ಮುಖ್ಯವಾಗಿ ಬುದ್ಧಿಯ ಕೆಲಸ. ನನಗೆ ಹಿಡಿಸಿದ್ದೂ ಈ ಮಾತೇ. ಅಳು ಬಾರದ ವೈದ್ಯೆಗೂ ಇದು ಸಾಧ್ಯ.

ನನ್ನ ಅಂಕ ಚೆನ್ನಾಗಿಯೇ ಬಂತು. ಆದರೆ ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ನೆನಪಾದದ್ದು ನನ್ನ ಹೌಸ್ ಸರ್ಜನ್ಸಿಯ ಕಾಲದ ಒಬ್ಬ ಅಜ್ಜ.

ಊರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಹುಣ್ಣಾಗಿ ದಾಖಲಾಗಿದ್ದರು. ದಿನವೂ ಬೆಳಿಗ್ಗೆ ನಾನು ಡ್ರೆಸಿಂಗ್ ಬಿಚ್ಚುವಾಗ ಅವರದು ಒಂದೇ ಪ್ರಶ್ನೆ: "ಇವತ್ತು ಯಾವ ವಾರ ಡಾಕ್ಟ್ರಮ್ಮ?" ಹೇಳುತ್ತಿದ್ದೆ. ಮಧ್ಯಾಹ್ನ ಮತ್ತೆ ಕೇಳುತ್ತಿದ್ದರು. ನಾಲ್ಕನೆಯ ದಿನ ನಾನು ಕೇಸ್ ಶೀಟಿನಲ್ಲಿ ಬರೆದೆ: ಕಾಲದ ಪರಿವೆಯಿಲ್ಲ. ಬರೆದಾಗ ಹೆಮ್ಮೆಯೂ ಆಗಿತ್ತೆನ್ನಿ, ಸೂಕ್ಷ್ಮವಾದದ್ದೊಂದನ್ನು ಪತ್ತೆಹಚ್ಚಿದೆನೆಂದು. ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಕುಸಿದರೂ ಗೊಂದಲವಾಗುತ್ತದೆ, ರಕ್ತದ ಸೋಡಿಯಂ ಇಳಿದರೂ ಆಗುತ್ತದೆ. ಹಿರಿಯರು ಎರಡಕ್ಕೂ ಪರೀಕ್ಷೆ ಬರೆದರು. ಎರಡೂ ಸರಿಯಾಗಿದ್ದವು.

ಗುರುವಾರ ಬೆಳಿಗ್ಗೆ ಮಂಚ ಖಾಲಿಯಿತ್ತು. ಹೇಳದೆ ಕೇಳದೆ ಹೋಗಿದ್ದರು. ಕೇಸ್ ಶೀಟಿನಲ್ಲಿ 'ಅಬ್‌ಸ್ಕಾಂಡೆಡ್' ಎಂದು ಬರೆದು ಮುಚ್ಚಿದೆವು. ಹಾಸಿಗೆ ಬದಲಿಸುತ್ತಿದ್ದ ವಾರ್ಡಿನ ಆಯಾ ಆಗ ಹೇಳಿದರು: "ಅದಕ್ಕೆ ಮರೆವು ಗಿರವು ಏನಿಲ್ಲ ಮೇಡಮ್. ಗುರುವಾರ ಸಂಘದ ಕಂತು. ಹೆಂಡ್ತಿ ಒಬ್ಳೇ, ಕೂಲಿಗೆ ಹೋಗಕ್ಕಾಗಲ್ಲ. ಈ ವಾರ ಕಟ್ಟದಿದ್ರೆ ಉಳಿದ ಹೆಂಗಸರ ಮುಂದೆ ಮಾನ ಹೋಗ್ತದೆ ಅಂತ ದಿನ ಎಣಿಸ್ತಿತ್ತು."

ಆಯಾ ಅವರಿಗೆ ಗೊತ್ತಿದ್ದದ್ದು ನನಗೇಕೆ ಗೊತ್ತಿರಲಿಲ್ಲ? ಅವರು "ಯಾಕಜ್ಜ?" ಎಂದು ಕೇಳಿದ್ದರು. ಅಷ್ಟೇ. ನಾನೂ ಕೇಳಿದ್ದರೆ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿ ಸಂಘದವರಿಂದ ಎರಡು ವಾರದ ಗಡುವು ಪಡೆಯಬಹುದಿತ್ತೋ ಏನೋ. ಹುಣ್ಣು ಇನ್ನೂ ಅರ್ಧ ಮಾಗಿರಲಿಲ್ಲ. ಆ ಕಾಲು ಉಳಿಯಿತೇ ಎಂಬುದು ನನಗೆ ತಿಳಿಯದು. ನಾನು ಬರೆದ ಸಾಲನ್ನು ಸರಿಪಡಿಸಲೂ ಇಲ್ಲ. ವಾರ್ಡಿನಲ್ಲಿ ಬೇರೆ ನಲವತ್ತು ಮಂದಿ ಇದ್ದರು.

ಎಂ.ಬಿ.ಬಿ.ಎಸ್. ಸೇರಿದ ವರ್ಷ ಯಾರಾದರೂ ನನ್ನನ್ನು ಅಳೆದಿದ್ದರೆ ಅಂಕ ಇನ್ನೂ ಹೆಚ್ಚು ಬರುತ್ತಿತ್ತೆಂದೇ ನನ್ನ ಅನುಮಾನ. ಇದು ನನ್ನೊಬ್ಬಳ ಕಥೆಯೂ ಅಲ್ಲ. ಹೊಜತ್ ತಂಡ ತನ್ನದೇ ಕಾಲೇಜಿನ ವಿದ್ಯಾರ್ಥಿಗಳನ್ನು ವರ್ಷವರ್ಷವೂ ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕ ಕುಸಿದದ್ದು ಮೂರನೆಯ ವರ್ಷದಲ್ಲಿ. ಅಲ್ಲಿನ ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ವಾರ್ಡಿಗೆ ಬರುವುದು ಆಗಲೇ. ರೋಗಿ ಹತ್ತಿರವಾದಂತೆ ಅನುಭೂತಿ ದೂರವಾಯಿತು! ಈ ಕುಸಿತವನ್ನು ಅತಿಯಾಗಿ ಹಿಗ್ಗಿಸಲಾಗಿದೆ ಎಂದು ಮರುವರ್ಷವೇ ಟೀಕೆ ಬಂತು. ಅಂಕಗಳ ಲೆಕ್ಕದಲ್ಲಿ ಆ ಟೀಕೆಯಲ್ಲೂ ಹುರುಳಿದೆ. ನನ್ನ ಮಟ್ಟಿಗೆ ಆ ಖಾಲಿ ಮಂಚವೇ ಸಾಕ್ಷಿ.

ಸಕ್ಕರೆ ಕಾಯಿಲೆಯ ಬಗ್ಗೆಯೇ ಅದೇ ತಂಡ 2011ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. 29 ವೈದ್ಯರು, ಅವರ 891 ರೋಗಿಗಳು. ಹೆಚ್ಚು ಅಂಕ ಪಡೆದ ವೈದ್ಯರ ರೋಗಿಗಳಲ್ಲಿ ಶೇ. 56 ಮಂದಿಯ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕದವರಲ್ಲಿ ಶೇ. 40. ಇದನ್ನು ಓದಿದ ದಿನ ಅಜ್ಜನ ಕಾಲು ಕಣ್ಣಿಗೆ ಕಟ್ಟಿತ್ತು.

ಆದರೂ ತನಗೆ ತಾನೇ ಅಂಕ ಹಾಕಿಕೊಳ್ಳುವ ಪರೀಕ್ಷೆ ಎಂದರೆ ನನಗೆ ಪೂರ್ತಿ ನಂಬಿಕೆಯಿಲ್ಲ. ಗ್ಲಾಸ್ಗೋದಲ್ಲಿ ಸ್ಟುವರ್ಟ್ ಮರ್ಸರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೇರ್ ಮಾಪಕವನ್ನು ತುಂಬುವವರು ರೋಗಿಗಳು. ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ನಿಮ್ಮ ಮಾತನ್ನು ನಿಮ್ಮ ರೀತಿಯಲ್ಲಿ ಹೇಳಲು ಬಿಟ್ಟರೇ, ನಿಜವಾಗಿ ಕಿವಿಗೊಟ್ಟರೇ, ಇಂಥವು. ಈ ದೇಶದಲ್ಲಿ ವೈದ್ಯರ ಪರವಾನಗಿ ಮುಂದುವರಿಯಬೇಕಾದರೆ ರೋಗಿಗಳ ಅಭಿಪ್ರಾಯವನ್ನೂ ಸಂಗ್ರಹಿಸಿ ಒಪ್ಪಿಸಬೇಕು. ನನ್ನ ಕೈಗೆ ಆ ವರದಿ ಬಂದಾಗಲೆಲ್ಲ ಹತ್ತನೆಯ ತರಗತಿಯ ಫಲಿತಾಂಶದ ದಿನದಂತೆ ಎದೆ ಹೊಡೆದುಕೊಳ್ಳುತ್ತದೆ.

ಮುಂದಿನ ಶಿಬಿರದಲ್ಲಿ ನಮ್ಮ ಮೇಜಿನ ಬಳಿಯೂ ಅಂಥದೊಂದು ಚೀಟಿ ಇಡೋಣವೆಂದು ಆ ಹುಡುಗಿ ಮತ್ತು ನಾನು ಸೇರಿ ನಾಲ್ಕೈದು ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಬರೆದಿದ್ದೇವೆ, ಊರಿನಿಂದ ಬಂದಿರುವ ತಂದೆತಾಯಂದಿರು ಓದಿ ಗುರುತು ಹಾಕುವಂತೆ. ಅತ್ತೆಯವರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. "ಡಾಕ್ಟರಿಗೆ ಯಾರಮ್ಮ ಕಡಿಮೆ ಮಾರ್ಕು ಹಾಕ್ತಾರೆ? ಮುಂದಿನ ಸಲ ಮತ್ತೆ ನಿನ್ನ ಹತ್ತಿರವೇ ಬರಬೇಕಲ್ಲ" ಎಂದರು. ನಮ್ಮವರ ದಾಕ್ಷಿಣ್ಯವನ್ನು ಯಾವ ಮಾಪಕವೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಆದ್ದರಿಂದ ಚೀಟಿಯಲ್ಲಿ ಹೆಸರು ಬರೆಯಬೇಕಾಗಿಲ್ಲ. ಡಬ್ಬವನ್ನು ನಮ್ಮ ಮೇಜಿನಿಂದ ದೂರ, ಕಾಫಿ ಕೊಡುವ ಜಾಗದಲ್ಲಿ ಇಡುತ್ತೇವೆ.