ಆರ್ಡರ್ ಒಬ್ಬರಿಗೆ, ಓಡಾಟ ಯಾರಿಗೆ?

ಗಂಡನ ಕೆಲಸ ಗುಂಡ್ಲುಪೇಟೆಯಲ್ಲಿ, ಹೆಂಡತಿಯದು ಚಾಮರಾಜನಗರದಲ್ಲಿ. ನೌಕರರಿರುವ ಯಾವ ಬೀದಿಗೆ ಹೋದರೂ ನಮ್ಮ ಕಡೆ ಇಂಥದೊಂದು ಸಂಸಾರ ಸಿಕ್ಕೇ ಸಿಗುತ್ತದೆ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾದ ಮೇಲೆ, ಅದುವರೆಗೆ ನಂಜನಗೂಡಿನ ಕಡೆ ಹೊರಡುತ್ತಿದ್ದ ಗುಂಡ್ಲುಪೇಟೆಯವರು ಕಚೇರಿ ಕೆಲಸಕ್ಕೆ ತೆರಕಣಾಂಬಿ ಮೇಲೆ ಚಾಮರಾಜನಗರದ ದಾರಿ ಹಿಡಿದರು. ವರ್ಗಾವಣೆಗಳೂ ಅದೇ ದಾರಿ ಹಿಡಿದವು. ಎರಡೂ ಊರುಗಳ ನಡುವೆ 35 ಕಿ.ಮೀ. ಆಸುಪಾಸು. ರೈಲು ಚಾಮರಾಜನಗರಕ್ಕೇ ಮುಗಿಯುತ್ತದೆ. ಗುಂಡ್ಲುಪೇಟೆಗೆ ಬಸ್ಸೇ ಗತಿ, ಇಲ್ಲವೇ ಬೈಕು.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಗುಂಡ್ಲುಪೇಟೆಯಲ್ಲೇ ಕೆಲಸಕ್ಕಿದ್ದರು. ಆಕೆಗೆ ಜಿಲ್ಲಾ ಕೇಂದ್ರಕ್ಕೆ ವರ್ಗವಾಯಿತು. ಮನೆ ಬದಲಿಸುವ ಮಾತು ಎದ್ದು, ಮಗುವಿನ ಸ್ಕೂಲು, ಹೊಸ ಮನೆಯ ಅಡ್ವಾನ್ಸು ಎಂದು ಅಲ್ಲೇ ಕೂತಿತು. ಕೊನೆಗೆ ಅತ್ತೆ ಅಂದರಂತೆ: “ನಿಂಗೆ ಬಸ್ಸು ಫ್ರೀ ಕನವ್ವ, ನೀನೇ ಓಡಾಡು.” ತೀರ್ಮಾನವಾಗಿಹೋಯಿತು.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಮಾಡಿದ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಡಿಮೆ ಸಂಬಳದ ಹೆಣ್ಣುಮಕ್ಕಳ ಕೈಯಲ್ಲಿ ಅದರಿಂದ ನಾಲ್ಕು ಕಾಸು ಉಳಿದಿದೆ. ಆದರೆ ಎಷ್ಟೋ ಮನೆಗಳಲ್ಲಿ ಟಿಕೆಟ್ಟಿನ ದುಡ್ಡು ಉಳಿದ ಕೂಡಲೇ ಆಕೆಯ ಹೊತ್ತಿನ ಲೆಕ್ಕವನ್ನೇ ಬಿಟ್ಟುಬಿಟ್ಟರು.

ಸಂಜೆ ಬಸ್ಸಿನಲ್ಲಿ ಆಕೆಗೆ ಸೀಟು ಸಿಕ್ಕಿತೆಂದರೆ ಮಡಿಲಲ್ಲಿ ಬ್ಯಾಗು, ಬ್ಯಾಗಿನ ಮೇಲೆ ಹಳೇ ಪೇಪರು, ಪೇಪರಿನಲ್ಲಿ ಅವರೆಕಾಯಿ. ಸಿಪ್ಪೆ ಕವರಿಗೆ, ಕಾಳು ಊಟದ ಡಬ್ಬಿಗೆ. ಪಕ್ಕದಲ್ಲಿ ಕೂತವಳೂ ಕೇಳದೆಯೇ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗುತ್ತಾಳೆ. ತೆರಕಣಾಂಬಿ ದಾಟುವಷ್ಟರಲ್ಲಿ ರಾತ್ರಿ ಸಾರಿಗೆ ಕಾಳು ಸಿದ್ಧ. ಗುಂಡ್ಲುಪೇಟೆ ಬಸ್‌ ಸ್ಟ್ಯಾಂಡಿನಲ್ಲಿ ಗಂಡ ಬೈಕು ನಿಲ್ಲಿಸಿಕೊಂಡು ಕಾದಿರುತ್ತಾನೆ. ಒಳ್ಳೆಯವನೇ. ಅವನ ಕಚೇರಿ ಮಾತ್ರ ಮನೆಯಿಂದ ನಡೆದುಹೋಗುವಷ್ಟು ಹತ್ತಿರ.

ವರ್ಗವಾದದ್ದು ಗಂಡನಿಗಾದರೆ? ಅಂಥ ಮನೆಗಳನ್ನೂ ಕಂಡಿದ್ದೇನೆ. ಸಾಮಾನು ಸಾಗಿಸಲು ಟೆಂಪೊ ಬರುತ್ತದೆ, ಮಗುವಿನ ಟಿ.ಸಿ. ತೆಗೆಸುತ್ತಾರೆ. ಹೊಸ ಮನೆಯಿಂದ ತನ್ನ ಹಳೇ ಕೆಲಸಕ್ಕೆ ಯಾವ ಬಸ್ಸು ಎಂದು ಹುಡುಕುವವಳು ಮತ್ತೆ ಹೆಂಡತಿಯೇ.

ಶಿಕ್ಷಕರ ವರ್ಗಾವಣೆಯ 2020ರ ಕಾಯ್ದೆಯಲ್ಲಿ ಪತಿ-ಪತ್ನಿ ಪ್ರಕರಣಕ್ಕೆ ಅವಕಾಶವಿದೆ. ಇರಲೇಬೇಕು. ಆದರೆ ಒಂದೇ ಜಿಲ್ಲೆಯೊಳಗಿನ ಈ ದಿನನಿತ್ಯದ ಓಡಾಟ ಕಾಯ್ದೆಯಿಂದ ತೀರುವಂಥದಲ್ಲ. ಅದನ್ನು ಮನೆಯಲ್ಲೇ ಹಂಚಿಕೊಳ್ಳಬೇಕು. ತೆರಕಣಾಂಬಿಯಲ್ಲಿ ಮನೆ ಮಾಡಿದರೆ ಇಬ್ಬರೂ ಅಷ್ಟಷ್ಟು ಓಡಾಡಬಹುದಲ್ಲ ಎಂದು ನಾನು ಮೊದಲು ಹೇಳಿದ ಮನೆಯಾಕೆ ಒಮ್ಮೆ ಕೇಳಿದ್ದಳಂತೆ. ಯಾರೂ ಉತ್ತರ ಕೊಡಲಿಲ್ಲ. ಬರುವ ಮೇ ತಿಂಗಳಲ್ಲಿ ಆ ಮಾತು ಮತ್ತೆ ಏಳಲಿ, ಈ ಸಲ ಗಂಡನೇ ಎತ್ತಲಿ. ಮಗುವನ್ನು ಬೇರೆ ಸ್ಕೂಲಿಗೆ ಸೇರಿಸುವುದಾದರೆ ಅದೇ ಸಮಯ.