ಪಾಠವಿಲ್ಲದ ಸೋಮವಾರ

ಜಪಾನಿನ ಶಾಲೆಗಳಲ್ಲಿ ಭಾನುವಾರ ಕ್ರೀಡಾಕೂಟ ನಡೆದರೆ ಅದಕ್ಕೆ ಬದಲಿಯಾಗಿ ಸೋಮವಾರ ರಜೆ ಕೊಡುವುದು ವಾಡಿಕೆ. ಹೊರದೇಶದಿಂದ ಇಂಗ್ಲಿಷ್ ಕಲಿಸಲು ಬಂದವರಿಗೆ ಈ ಸೋಮವಾರ ಕೈಗೆ ಸಿಕ್ಕ ಬಿಡುವು. ಸರ್ಕಾರದ ಜೆಟ್ ಯೋಜನೆ 1987ರಲ್ಲಿ ಆರಂಭವಾದಂದಿನಿಂದ ಇಂಥ ಸಹಾಯಕ ಶಿಕ್ಷಕರು ಊರೂರಿನ ಶಾಲೆಗಳಿಗೆ ಬರುತ್ತಿದ್ದಾರೆ. ತರಗತಿ ನಡೆಸುವವರು ಜಪಾನಿ ಶಿಕ್ಷಕರು; ಓದಿ ತೋರಿಸುವುದು, ಉಚ್ಚಾರಣೆ ತಿದ್ದುವುದು, ಮಕ್ಕಳನ್ನು ಮಾತಿಗೆ ಎಳೆಯುವುದು ಬಂದವರ ಕೆಲಸ.

ಒಸಾಕಾದಲ್ಲಿರುವ ಶಿಕ್ಷಕರಿಗೆ ಬೆಳಿಗ್ಗೆ ಎದ್ದ ಮೇಲೆ ಮನಸ್ಸಾದರೂ ಹೋಗಿಬರಬಹುದಾದ ಊರು ನಾರಾ. ನಂಬಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷದ ದಾರಿ. ಸೋಮವಾರ ಬಹಳಷ್ಟು ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ, ತೋದೈಜಿ ದೇವಾಲಯದ ಬಾಗಿಲು ಮಾತ್ರ ತೆರೆದೇ ಇರುತ್ತದೆ.

ನಾರಾದಲ್ಲಿ ಮೊದಲು ಎದುರಾಗುವವು ಜಿಂಕೆಗಳು. ಸಾವಿರಕ್ಕೂ ಹೆಚ್ಚು ಜಿಂಕೆಗಳು ಉದ್ಯಾನದಲ್ಲಿ ಬೇಲಿಯಿಲ್ಲದೆ ತಿರುಗಾಡುತ್ತವೆ. ಕಸುಗಾ ಗುಡಿಯ ದೇವರು ಬಿಳಿ ಜಿಂಕೆಯೇರಿ ಬಂದನೆಂಬ ನಂಬಿಕೆ ಅವನ್ನು ಶತಮಾನಗಳಿಂದ ಕಾಯ್ದಿದೆ. ಅವಕ್ಕೆಂದೇ ಮಾರುವ ತೆಳು ಬಿಲ್ಲೆಗಳನ್ನು ಕೈಯಲ್ಲಿ ಹಿಡಿದರೆ ಸಾಕು, ಜಿಂಕೆಗಳು ತಲೆ ಬಾಗಿಸುತ್ತವೆ.

ಉದ್ಯಾನದಾಚೆ ತೋದೈಜಿಯ ಮರದ ಸಭಾಮಂದಿರವಿದೆ. ಎರಡು ಬಾರಿ ಸುಟ್ಟು, 1709ರಲ್ಲಿ ಮತ್ತೆ ಸಿದ್ಧವಾದ ಈ ಕಟ್ಟಡದ ಅಗಲ ಮೊದಲಿನದರ ಮೂರರಲ್ಲಿ ಎರಡು ಪಾಲಷ್ಟೇ. ಆದರೂ ಅದು 57 ಮೀಟರ್. ಒಳಗೆ ಸುಮಾರು 15 ಮೀಟರ್ ಎತ್ತರದ ವೈರೋಚನ ಬುದ್ಧ ಕುಳಿತಿದ್ದಾನೆ. ಶೋಮು ಚಕ್ರವರ್ತಿ 743ರಲ್ಲಿ ಸಂಕಲ್ಪಿಸಿದ ಈ ಕಂಚಿನ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಬೋಧಿಸೇನ. ಅವನು ಭಾರತದ ಭಿಕ್ಷು. ಚೀನಾದ ಮೂಲಕ 736ರಲ್ಲಿ ಜಪಾನಿಗೆ ಬಂದವನು. ಅಂದು ಅವನ ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ನೆರೆದವರೆಲ್ಲ ಅದನ್ನು ಹಿಡಿದು ಪುಣ್ಯದಲ್ಲಿ ಪಾಲುಗೊಂಡರು. ಆ ಕುಂಚವೂ ದಾರವೂ ಸಮೀಪದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಉಳಿದಿವೆ.

ಭಾರತದಿಂದ ಬಂದ ಶಿಕ್ಷಕರಿಗೆ ನಾರಾದ ಈ ಭಾಗ ತೀರ ಹತ್ತಿರದ್ದು. ಸಮುದ್ರ ದಾಟಿ ಬಂದು, ಭಾಷೆ ತಿಳಿಯದ ಊರಿನಲ್ಲಿ ತನ್ನ ವಿದ್ಯೆ ಹಂಚಿ, 760ರಲ್ಲಿ ಅಲ್ಲೇ ಕಣ್ಣು ಮುಚ್ಚಿದ ಹಿರಿಯನೊಬ್ಬ ಇಲ್ಲಿ ನೆನಪಾಗಿ ನಿಂತಿದ್ದಾನೆ.

ಆ ನಂಟಿನ ಗುರುತು ಊರಿನ ಫಲಕಗಳ ಲಿಪಿಯಲ್ಲೂ ಇದೆ. ಜಪಾನಿ ವರ್ಣಮಾಲೆಯ ಸ್ವರಗಳು ಅ, ಇ, ಉ, ಎ, ಒ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಕಲಿತ ಜಪಾನಿ ಭಿಕ್ಷುಗಳ ಅಭ್ಯಾಸದಿಂದ ಈ ಕ್ರಮ ಬಂತು. ‘ಪ’ ಇರಬೇಕಾದ ಕಡೆ ‘ಹ’ ಇರುವುದಕ್ಕೂ ಕಾರಣವುಂಟು: ಹಳೆಯ ಜಪಾನಿಯಲ್ಲಿ ಆ ಧ್ವನಿ ‘ಪ’ ಆಗಿತ್ತು. ಹಳಗನ್ನಡದ ‘ಪಾಲ್’ ಹಾಲಾದ, ‘ಪುಲಿ’ ಹುಲಿಯಾದ ಬಗೆಯನ್ನು ಬಲ್ಲ ಕನ್ನಡಿಗರಿಗೆ ಇದು ಮನೆಯ ಮಾತಿನಷ್ಟೇ ಪರಿಚಿತ.

ಸಂಜೆ ಹಿಂದಿರುಗುವ ರೈಲಿನಲ್ಲಿ ನಿಲ್ದಾಣಗಳ ಹೆಸರುಗಳನ್ನು ಅಕ್ಷರಕ್ಕಕ್ಷರ ಕೂಡಿಸಿ ಓದುವಾಗ ಶಿಕ್ಷಕರು ಮತ್ತೆ ಒಂದನೇ ತರಗತಿಯವರಾಗುತ್ತಾರೆ. ಆ ವರ್ಣಮಾಲೆಯಲ್ಲಿ ‘ರ’ ಸಾಲಿದೆ, ‘ಲ’ ಸಾಲಿಲ್ಲ. ಮಂಗಳವಾರ ತರಗತಿಯಲ್ಲಿ ಮಗುವೊಂದು ‘ಲ’ ಎನ್ನಲು ಹೋಗಿ ‘ರ’ ಎಂದಾಗ, ಅದು ಅಜಾಗರೂಕತೆಯಲ್ಲ, ತಾಯ್ನುಡಿಯ ಅಭ್ಯಾಸ ಎಂಬುದು ಅವರಿಗೆ ತಿಳಿದಿರುತ್ತದೆ. ತಿದ್ದುವ ದನಿ ಆಗ ತಾನಾಗಿ ಮೃದುವಾಗುತ್ತದೆ.