ತೊಳೆದು ಗುಡಿಸುವ ಕರುಳು

ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆಂದು ನೀವೆಲ್ಲರೂ ಶಾಲೆಯಲ್ಲಿ ಓದಿದ್ದೀರಿ. ಆದರೆ ಜಂತುಹುಳುವು ರಕ್ತಕಣಕ್ಕಿಂತ ನೂರಾರು ಪಟ್ಟು ಉದ್ದ, ಅದನ್ನು ನುಂಗಲಾಗದು. ಆದುದರಿಂದ ಕರುಳು ತೊಳೆದು ಗುಡಿಸುವ ಉಪಾಯವನ್ನು ಹೂಡುತ್ತದೆ. ಕರುಳಿನ ಒಳಪದರದ ಟಫ್ಟ್ ಎಂಬ ವಿರಳ ಕೋಶಗಳೇ ಹುಳುವಿನ ಸುಳಿವನ್ನರಿತು ಸಂಕೇತ ನೀಡುವ ಕಾವಲುಗಾರರೆಂದು 2016ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಒಡನೆ ಲೋಳೆ ಹೆಚ್ಚುತ್ತದೆ, ನೀರು ಒಸರುತ್ತದೆ, ಸ್ನಾಯುಗಳು ಬಲವಾಗಿ ಹಿಂಡುತ್ತವೆ.

ಆದರೂ ಕೊಕ್ಕೆಹುಳುವು ಕರುಳನ್ನು ಕಚ್ಚಿ ಹಿಡಿದು, ಈ ರಕ್ಷಣೆಯನ್ನೇ ಮಂಕುಗೊಳಿಸಿ, ವರ್ಷಗಟ್ಟಲೆ ರಕ್ತ ಹೀರಬಲ್ಲದು. ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿಯೆನ್ನುವ ಮೊದಲು ಇದನ್ನು ನೆನೆಯಬೇಕು. ನಿಮ್ಮಲ್ಲಿ ಅನೇಕರು ಇಂದು ತಂದೆತಾಯಿಗಳು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಬರಿಗಾಲಿನ ಚರ್ಮದ ಮೂಲಕವೇ ಕೊಕ್ಕೆಹುಳುವಿನ ಮರಿ ಒಳಹೊಗುವುದು. ಮಕ್ಕಳ ಕಾಲಿಗೆ ಚಪ್ಪಲಿ ಇರಲಿ.